ಒಂದೇ ದಿನದಲ್ಲಿ ವಿಜಯಪುರ: ಆಟೊ ಹಿಡಿದು ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದವರೆಗೆ

ವಿಜಯಪುರ ನೋಡೋಕೆ ಒಂದೇ ದಿನ ಇದೆ ಅನ್ನುವವರಿಗೆ ನನ್ನ ಸಲಹೆ ಇಷ್ಟು. ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಆಟೊ ಮಾತಾಡಿಕೊಳ್ಳಿ. ಊರಿನ ಪೂರ್ವಕ್ಕಿರುವ ಗೋಳಗುಮ್ಮಟದಿಂದ ಶುರು ಮಾಡಿ. ಪಶ್ಚಿಮಕ್ಕೆ ಸರಿಯುತ್ತಾ ಹೋಗಿ ಇಬ್ರಾಹಿಂ ರೋಜಾದಲ್ಲಿ ಮುಗಿಸಿ. ನಡುವೆ ಬಾರಾ ಕಮಾನ್‌ಗೆ ಕಡಿಮೆ ಅಂದರೂ ಅರ್ಧ ಗಂಟೆ ಕೊಡಿ. ಬಹಳ ಜನ ಅಲ್ಲಿ ಗೇಟಿನ ಹತ್ತಿರ ಒಂದು ಫೋಟೊ ತೆಗೆದು ಹೊರಟುಬಿಡುತ್ತಾರೆ. ನನಗೆ ಈ ಊರಿನ ಕಟ್ಟಡಗಳು ಅರ್ಥವಾಗಿದ್ದೇ ಅರ್ಧಕ್ಕೆ ನಿಂತ ಆ ಕಟ್ಟಡದಲ್ಲಿ.

ನಾನು ಮನೆ ಕಟ್ಟಿಸುವ ಕೆಲಸದವನು. ಪಾಯ, ಸೆಂಟ್ರಿಂಗ್, ಸ್ಲ್ಯಾಬ್, ಪ್ಲಾಸ್ಟರ್, ದಿನವಿಡೀ ಇದೇ. ಹಾಗಾಗಿ ಇಲ್ಲಿ ಸುಲ್ತಾನರ ಕಥೆಗಿಂತ ಕಲ್ಲು, ಗಾರೆಯ ಮಾತೇ ಜಾಸ್ತಿ ಇರುತ್ತದೆ. ಜೊತೆಗೆ ಹೆಂಡತಿ ಮತ್ತು ಅತ್ತೆ ಬಂದಿದ್ದರು. ಅತ್ತೆಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಲು ಆಗದವರು ಈ ಊರಿನಲ್ಲಿ ಏನೇನು ನೋಡಬಹುದು ಅನ್ನುವುದೂ ಇದರಿಂದ ಗೊತ್ತಾಯಿತು.

ಮೊದಲು ಆಟೊ ವಿಷಯ. ಬೆಳಗ್ಗೆ ರೈಲು ಇಳಿದಾಗ ಸ್ಟೇಷನ್ ಹೊರಗೆ ಟಾಂಗಾಗಳೂ ನಿಂತಿದ್ದವು. ನನ್ನ ಹೆಂಡತಿಗೆ ಟಾಂಗಾದಲ್ಲೇ ಸುತ್ತಬೇಕು ಅಂತ ಆಸೆ. ಆದರೆ ಎತ್ತರದ ಮೆಟ್ಟಿಲಿಗೆ ಕಾಲಿಟ್ಟು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವುದು ಅತ್ತೆಗೆ ಆಗದ ಮಾತು. ಒಬ್ಬ ಹಿರಿಯ ಆಟೊ ಚಾಲಕರು ಸಿಕ್ಕರು. ಇಡೀ ದಿನಕ್ಕೆ, ಕಾಯುವುದೂ ಸೇರಿ, ಸಾವಿರದ ಇನ್ನೂರು ರೂಪಾಯಿಗೆ ಒಪ್ಪಿದರು. ನಾವು ಮೊದಲು ಹೋಟೆಲಿಗೆ ಹೋಗಿ ತಿಂಡಿ ತಿನ್ನೋಣ ಅಂದರೆ ಅವರು ಕೇಳಲಿಲ್ಲ.

"ಗುಮ್ಮಟಾ ಮೊದ್ಲ ನೋಡ್ರಿ ಸಾಹೇಬ್ರ. ಸಾಲಿ ಹುಡುಗೂರು ಬಂದ್ರಂದ್ರ ಅಲ್ಲಿ ಏನೂ ಕೇಳಂಗಿಲ್ಲ. ನಾಷ್ಟಾ ಆಮ್ಯಾಲೆ ಮಾಡೂಣು" ಅಂದರು.

ಈ ಒಂದು ಮಾತಿಗೇ ಅವರಿಗೆ ಕೊಟ್ಟ ದುಡ್ಡು ಸಾರ್ಥಕ. ಗೋಳಗುಮ್ಮಟ ಬೆಳಗ್ಗೆ ಆರಕ್ಕೇ ತೆರೆಯುತ್ತದೆ. ಕೌಂಟರಿನಲ್ಲಿ ಟಿಕೆಟ್ 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಾವು ಒಳಗೆ ಹೋದಾಗ ವಾಕಿಂಗ್ ಬಂದಿದ್ದ ಒಂದಿಬ್ಬರು ಬಿಟ್ಟರೆ ಯಾರೂ ಇರಲಿಲ್ಲ.

ಇದು ವಿಜಯಪುರ ಆಳಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಕೆಲಸ ನಿಂತದ್ದು 1656ರ ಹೊತ್ತಿಗೆ, ಅವನು ತೀರಿಕೊಂಡದ್ದೂ ಆಗಲೇ. ಒಳಗೆ ನಡುವಿನ ಕಟ್ಟೆಯ ಮೇಲೆ ಅವನದು, ಅವನ ಹೆಂಡತಿಯರದು, ನರ್ತಕಿ ರಂಭಾಳದು, ಮಗಳು ಮೊಮ್ಮಗನದು ಅಂತ ಗೋರಿಗಳಿವೆ. ನಿಜವಾದ ಗೋರಿಗಳು ಕೆಳಗೆ ನೆಲಮಾಳಿಗೆಯಲ್ಲಿವೆ. ಜನ ಬರುವುದು ಮೇಲಿನ ಪಿಸುಮಾತಿನ ಗ್ಯಾಲರಿಗೆ. ನನಗೆ ಮಾತ್ರ ಕೆಳಗೆ ನಿಂತು ಮೇಲೆ ನೋಡಿದಾಗ ಕಾಲು ಕೀಳಲು ಆಗಲಿಲ್ಲ. ಒಂದೇ ಒಂದು ಪಿಲ್ಲರ್ ಇಲ್ಲ. ನೆಲದ ಅಳತೆ ಹದಿನೆಂಟು ಸಾವಿರ ಚದರ ಅಡಿ. ನಾನು ಕಟ್ಟಿಸುವ ಮೂವತ್ತು ನಲವತ್ತರ ಸೈಟಿನ ಮನೆಗಳು ಹದಿನೈದು ಒಂದೇ ಸೂರಿನಡಿ ಹಿಡಿಯುವಷ್ಟು ಜಾಗ! ಈಗ ಕಬ್ಬಿಣ, ಕಾಂಕ್ರೀಟು ಎಲ್ಲಾ ಇದ್ದೂ ಇಪ್ಪತ್ತಡಿ ಅಗಲದ ಹಾಲ್‌ಗೆ ಪಿಲ್ಲರ್ ಬೇಡ ಅಂದರೆ ನಾವು ಬೀಮಿನ ಲೆಕ್ಕಕ್ಕೆ ಎಂಜಿನಿಯರ್ ಹತ್ತಿರ ಎರಡು ಸಲ ಓಡುತ್ತೇವೆ.

ಇದು ಜಗತ್ತಿನ ದೊಡ್ಡ ಹಳೆಯ ಗುಮ್ಮಟಗಳಲ್ಲಿ ಒಂದು. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ರೋಮ್‌ನ ಹಳೆಯ ದೇವಾಲಯ ಪ್ಯಾಂಥಿಯನ್‌ನದು 43 ಮೀಟರ್ ದಾಟುತ್ತದೆ. ಆದರೆ ಅಲ್ಲಿ ಕೋಣೆಯೇ ದುಂಡಗಿದೆ, ಗುಮ್ಮಟ ಸೀದಾ ಗೋಡೆಯ ಮೇಲೆ ಕೂತಿದೆ. ಇಲ್ಲಿ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಹಾಗಾಗಿ ನೆಲದ ಲೆಕ್ಕ ಹಾಕಿದರೆ ವಿಜಯಪುರದ್ದೇ ದೊಡ್ಡದು. ಪ್ಯಾಂಥಿಯನ್ ಹದಿನಾರು ಸಾವಿರ ಚದರ ಅಡಿಯ ಒಳಗೇ ನಿಲ್ಲುತ್ತದೆ.

ಚೌಕದ ಮೇಲೆ ದುಂಡನೆಯದನ್ನು ಕೂರಿಸುವುದೇ ಕಷ್ಟದ ಕೆಲಸ. ಮೂಲೆಗಳನ್ನು ಏನು ಮಾಡೋದು? ಇಲ್ಲಿನವರು ಮಾಡಿದ್ದು ಹೀಗೆ. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಆ ಗೆರೆಗಳ ಜಾಗದಲ್ಲೆಲ್ಲ ಕಮಾನು ಎಬ್ಬಿಸಿದ್ದಾರೆ. ಎಂಟು ಕಮಾನುಗಳು ಒಂದನ್ನೊಂದು ಹಾದು ಹೋಗಿ, ಮೇಲಕ್ಕೆ ಹೋದಂತೆ ಒಳಗೆ ಬಾಗಿ, ನಡುವೆ ದುಂಡನೆಯ ಬಾಯಿ ಬಿಟ್ಟಿವೆ. ಗುಮ್ಮಟ ಕೂತಿರುವುದು ಆ ಬಾಯಿಯ ಸುತ್ತ. ಯಾವ ಗುಮ್ಮಟವೇ ಆಗಲಿ ತನ್ನ ಭಾರಕ್ಕೆ ಕೆಳಗಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲಿ ಕಮಾನುಗಳ ನಡುವೆ ಕಟ್ಟಿದ ಕಲ್ಲಿನ ರಾಶಿ ಒಳಕ್ಕೆ ಚಾಚಿಕೊಂಡಿದೆ. ಅದರ ತೂಕ ಒಳಕ್ಕೆ ಎಳೆಯುತ್ತದೆ. ಹೊರಗಿನ ತಳ್ಳಾಟಕ್ಕೆ ಒಳಗಿನ ಎಳೆತ ಸರಿಹೋಗುತ್ತದೆ. ಗುಮ್ಮಟ ಇಟ್ಟಿಗೆಯದು. ಸಾಲು ಸಾಲಿಗೂ ದಪ್ಪಗೆ ಸುಣ್ಣದ ಗಾರೆ ಹಾಕಿ ಕಟ್ಟಿದ್ದು. ಬುಡದಲ್ಲಿ ಸುಮಾರು ಹತ್ತು ಅಡಿ ದಪ್ಪ. ಗಾರೆ ಗಟ್ಟಿಯಾದ ಮೇಲೆ ಇಡೀ ಗುಮ್ಮಟ ಒಂದೇ ತುಂಡಿನ ಹಾಗೆ ನಿಂತಿದೆ. ಇದನ್ನು ಕೆಳಗೆ ನಿಂತು ಕುತ್ತಿಗೆ ಎತ್ತಿಯೇ ನೋಡಬೇಕು, ಫೋಟೊದಲ್ಲಿ ಸಿಗುವುದಿಲ್ಲ.

ನಾಲ್ಕು ಮೂಲೆಯಲ್ಲಿ ಏಳು ಅಂತಸ್ತಿನ ಎಂಟುಮೂಲೆ ಗೋಪುರಗಳಿವೆ. ಅದರೊಳಗಿನ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಮೆಟ್ಟಿಲು ಕಿರಿದು, ಕಡಿದು. ಕೆಲವು ಕಡೆ ಕತ್ತಲೆ. ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಬೆಳಗ್ಗೆ ಬೇಗ ಹೋಗಲು ಇದೂ ಒಂದು ಕಾರಣ. ಪ್ರತಿ ಅಂತಸ್ತಿನಲ್ಲೂ ಕಿಟಕಿಗಳಿವೆ, ಅಲ್ಲಿ ನಿಂತು ಉಸಿರು ತಗೊಂಡು ಹೋಗಿ. ಅತ್ತೆ ಕೆಳಗೇ ಕೂತರು.

ಮೇಲೆ ಗುಮ್ಮಟದ ಬುಡದ ಬಯಲಿಗೆ ಬಂದು, ಅಲ್ಲಿಂದ ಸಣ್ಣ ಬಾಗಿಲಿನಲ್ಲಿ ಒಳಗೆ ಹೊಕ್ಕರೆ ಗ್ಯಾಲರಿ. ಗುಮ್ಮಟದ ಒಳಸುತ್ತಿಗೆ ಹನ್ನೊಂದು ಅಡಿ ಅಗಲದ ದಾರಿ. ನಾನು ಒಂದು ಕಡೆ ನಿಂತೆ. ಹೆಂಡತಿ ಅರ್ಧ ಸುತ್ತು ಹಾಕಿ ಎದುರು ಬದಿಗೆ ಹೋದಳು. ಗೋಡೆಗೆ ಮುಖ ಮಾಡಿ ಮೆಲ್ಲಗೆ "ರೀ, ಕೇಳಿಸ್ತಾ?" ಅಂದಳು. ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು. ದುಂಡು ಗೋಡೆಯನ್ನು ಹಿಡಿದುಕೊಂಡೇ ಶಬ್ದ ಸುತ್ತಿ ಬರುತ್ತದೆ. ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಕೇಳುತ್ತದೆ. ಏಳು ಸಲ ಅನ್ನುತ್ತಾರೆ. ಎದುರು ಗೋಡೆಗೆ ಹೋಗಿ ಬರುವುದು ಅಂದರೆ 76 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ಕಾಲು ಸೆಕೆಂಡೂ ಆಗುವುದರೊಳಗೆ ಒಂದೊಂದು ಪ್ರತಿಧ್ವನಿ ಬರಬೇಕು. ಕಣ್ಣು ಮುಚ್ಚಿ ಕೇಳಿದೆ, ಹಾಗೇ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಗುಂಪು ಬಂತು. ಬಂದವರೇ ಕೂಗು, ಶಿಳ್ಳೆ. ಆಮೇಲೆ ಅಲ್ಲಿ ಪಿಸುಮಾತು ಕೇಳುವ ಪ್ರಶ್ನೆಯೇ ಇಲ್ಲ. ಈ ಗ್ಯಾಲರಿಯ ಸೊಗಸು ಇರುವುದೇ ಸಣ್ಣ ಶಬ್ದದಲ್ಲಿ. ಕೂಗುವವರಿಗೆ ಅದು ಸಿಗುವುದಿಲ್ಲ, ಉಳಿದವರಿಗೂ ಸಿಗದ ಹಾಗೆ ಮಾಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಬರುವ ಮೇಷ್ಟ್ರುಗಳು ಮೆಟ್ಟಿಲು ಹತ್ತುವ ಮೊದಲೇ ಒಂದು ಮಾತು ಹೇಳಿದರೆ ಎಷ್ಟು ಚೆನ್ನ, ಅಲ್ವಾ? ಗೋಡೆಯ ಮೇಲೆ ಹೆಸರು ಕೆತ್ತುವವರ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಮೂರೂವರೆ ಶತಮಾನ ದಾಟಿ ನಿಂತ ಗಾರೆಗೆ ಮೊಳೆ ಹೊಡೆಯಲು ಕೈ ಹೇಗೆ ಬರುತ್ತದೋ.

ಎದುರಿಗಿರುವ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಮ್ಯೂಸಿಯಂ ಇದೆ. ಶುಕ್ರವಾರ ಮುಚ್ಚಿರುತ್ತದೆ. ನಾವು ನೋಡಲಿಲ್ಲ, ಒಂದೇ ದಿನ ಇರುವವರು ಬಿಟ್ಟರೂ ನಡೆಯುತ್ತದೆ ಅಂತ ನನ್ನ ಅನಿಸಿಕೆ. ಕಟ್ಟಡ ನೋಡುವ ಹೊತ್ತನ್ನು ಅದಕ್ಕೆ ಕೊಡಬೇಡಿ.

ನಾಷ್ಟಾ ಮುಗಿಸಿ ಜಾಮಿಯಾ ಮಸೀದಿಗೆ ಹೋದೆವು. ಇದು ಒಂದನೇ ಅಲಿ ಆದಿಲ್ ಶಾಹನ ಕಾಲದ್ದು. ಅವನು ಆಳಿದ್ದು 1558ರಿಂದ 1580ರವರೆಗೆ. ಚಪ್ಪಲಿ ಹೊರಗೆ ಬಿಡಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ತಪ್ಪಿಸಿ. ಮೆಟ್ಟಿಲಿನ ಕಾಟ ಹೆಚ್ಚಿಲ್ಲ, ಅತ್ತೆ ಆರಾಮಾಗಿ ಓಡಾಡಿದರು. ನೆಲದ ಮೇಲೆ ಚಾಪೆಯ ಅಳತೆಯ ಮನೆಗಳನ್ನು ಗೆರೆ ಎಳೆದು ಮಾಡಿದ್ದಾರೆ. ಒಟ್ಟು 2,250, ಒಬ್ಬೊಬ್ಬರಿಗೆ ಒಂದೊಂದು. ಗೆರೆ ಎಳೆಸಿದ್ದು ಔರಂಗಜೇಬನ ಕಾಲದಲ್ಲಿ ಅನ್ನುತ್ತಾರೆ. ಬಿಳಿ ಬಳಿದ ಕಮಾನುಗಳ ಸಾಲು, ಅದರ ನಡುವೆ ನಿಂತರೆ ಒಂದು ಅಲಂಕಾರವೂ ಬೇಡ ಅನ್ನಿಸುತ್ತದೆ.

ನೀವು ಗಮನಿಸಬೇಕಾದದ್ದು ನಡುವಿನ ಗುಮ್ಮಟದ ಕೆಳಗೆ. ಅಲ್ಲೂ ಕಮಾನುಗಳು ಒಂದನ್ನೊಂದು ಹಾದು ಹೋಗಿವೆ! ಗೋಳಗುಮ್ಮಟದಲ್ಲಿ ನೋಡಿದ ಅದೇ ಉಪಾಯ, ಸಣ್ಣ ಅಳತೆಯಲ್ಲಿ. ಇದು ಗೋಳಗುಮ್ಮಟಕ್ಕಿಂತ ಮುಕ್ಕಾಲು ಶತಮಾನ ಹಳೆಯದು. ಅಂದರೆ ಆ ದೊಡ್ಡ ಗುಮ್ಮಟ ಒಮ್ಮೆಲೇ ಯಾರಿಗೋ ಹೊಳೆದದ್ದಲ್ಲ. ಈ ಊರಿನ ಕೆಲಸಗಾರರು ಇಲ್ಲಿ ಕಟ್ಟಿ, ನಿಲ್ಲುತ್ತದೆ ಅಂತ ಕಂಡುಕೊಂಡು, ಮಕ್ಕಳಿಗೆ ಮೊಮ್ಮಕ್ಕಳಿಗೆ ಕಲಿಸಿ, ಆಮೇಲೆ ದೊಡ್ಡದಕ್ಕೆ ಕೈ ಹಾಕಿದ್ದಾರೆ. ನಮ್ಮ ಕೆಲಸದಲ್ಲೂ ಹಾಗೇ ತಾನೆ? ಹೊಸ ಮೇಸ್ತ್ರಿಗೆ ಮೊದಲು ಕಾಂಪೌಂಡ್ ಗೋಡೆ ಕೊಡುತ್ತೇವೆ.

ದಾರಿಯಲ್ಲಿ ಮೆಹತರ್ ಮಹಲ್. ಹೆಸರಿಗೆ ಮಹಲು, ನೋಡಿದರೆ ಮಸೀದಿಯ ಒಂದು ಬಾಗಿಲು ಗೋಪುರ. ಹತ್ತು ನಿಮಿಷ ಸಾಕು. ಆದರೆ ಬಾಲ್ಕನಿಯ ಕೆಳಗಿನ ಆನಿಕೆಗಳನ್ನು ಬಿಡಬೇಡಿ. ಕಲ್ಲನ್ನು ಮರದ ಹಾಗೆ ಕೊರೆದಿದ್ದಾರೆ. ಇಷ್ಟು ಸಣ್ಣಗೆ ಕೊರೆದ ಕಲ್ಲು ಭಾರ ಹೊರುತ್ತಿದೆ ಅನ್ನುವುದನ್ನು ನಂಬಲು ಎರಡು ಸಲ ನೋಡಬೇಕು.

ಅಸರ್ ಮಹಲ್‌ನಲ್ಲಿ ಪ್ರವಾದಿಯ ಕೂದಲನ್ನು ಇಟ್ಟಿದ್ದಾರೆ ಅನ್ನುವ ನಂಬಿಕೆ. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ನಾವು ಮೂವರೂ ಹೊರಗೆ ಕೊಳದ ಬದಿಯಲ್ಲಿ ನಿಂತು ಎತ್ತರದ ತೇಗದ ಕಂಬಗಳನ್ನು ನೋಡಿ ಹೊರಟೆವು.

ಗಗನ್ ಮಹಲ್‌ಗೆ ಸೂರಿಲ್ಲ. ಪಾರ್ಕಿನ ಹಾಗೆ ಜನ ಕೂತಿರುತ್ತಾರೆ. ಆದರೆ ನಡುವಿನ ಕಮಾನಿನ ಅಗಲ ಸುಮಾರು ಅರವತ್ತು ಅಡಿ, ಕಟ್ಟಿದ್ದು 1561ರಲ್ಲಿ. ಆದಿಲ್ ಶಾಹಿ ಆಳ್ವಿಕೆ ಮುಗಿದದ್ದೂ ಇಲ್ಲೇ. 1686ರಲ್ಲಿ ಕೋಟೆ ಬಿದ್ದ ಮೇಲೆ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ಹಾಕಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದರು. ಅವನಿನ್ನೂ ಹದಿಹರೆಯದ ಹುಡುಗ. ಪಟ್ಟಕ್ಕೆ ಬಂದಾಗ ನಾಲ್ಕೈದು ವರ್ಷದ ಮಗು. ಅತ್ತೆಗೆ ಇದನ್ನು ಹೇಳಿದಾಗ ಬಹಳ ಹೊತ್ತು "ಪಾಪ, ಕೂಸು" ಅನ್ನುತ್ತಲೇ ಇದ್ದರು.

ಈಗ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹನ ಸಮಾಧಿ. ಮೊಹಮ್ಮದ್ ಆದಿಲ್ ಶಾಹನ ಮಗ ಇವನು. ಎತ್ತರದ ಜಗತಿಯ ಮೇಲೆ ಕಪ್ಪು ಕಲ್ಲಿನ ಚೂಪು ಕಮಾನುಗಳು ಸಾಲು ಸಾಲಾಗಿ ಎದ್ದು ನಿಂತಿವೆ. ಮೇಲೆ ಆಕಾಶ. ಸೂರೂ ಇಲ್ಲ, ಗುಮ್ಮಟವೂ ಇಲ್ಲ. ಜಗತಿಯ ಒಂದೊಂದು ಬದಿ 215 ಅಡಿ.

ಗೋಳಗುಮ್ಮಟದಲ್ಲಿ ಗುಮ್ಮಟದವರೆಗೂ ಕಟ್ಟಿ ಗಿಲಾವು ಹಚ್ಚಿದೆ. ಕಮಾನಿನ ಕಲ್ಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ. ಇಲ್ಲಿ ಕಟ್ಟಡ ಬಿಚ್ಚಿಟ್ಟ ಹಾಗಿದೆ. ಕಮಾನಿನ ಒಂದೊಂದು ಕಲ್ಲಿನ ಸಂದೂ ಕಾಣುತ್ತದೆ. ಪ್ರತಿ ಕಲ್ಲನ್ನೂ ಬುಡ ಸಣ್ಣ, ತಲೆ ದೊಡ್ಡ ಆಗುವಂತೆ ಕಡೆದಿದ್ದಾರೆ. ಪಕ್ಕದ ಕಲ್ಲು ಒತ್ತಿದಷ್ಟೂ ಅದು ಬಿಗಿಯಾಗುತ್ತದೆ. ನೆತ್ತಿಯ ಕಲ್ಲು ಕೂರುವವರೆಗೆ ಕೆಳಗಿನಿಂದ ಆಸರೆ ಬೇಕು, ಕೂತ ಮೇಲೆ ಬೇಡ. ಎರಡು ಕಮಾನು ಒಂದೇ ಕಂಬಕ್ಕೆ ಬಂದು ಸೇರುವ ಕಡೆ ಒಂದು ಎಡಕ್ಕೆ ತಳ್ಳುತ್ತದೆ, ಇನ್ನೊಂದು ಬಲಕ್ಕೆ. ಎರಡೂ ಸರಿಹೋಗಿ ಭಾರ ನೆಟ್ಟಗೆ ಕೆಳಗೆ ಇಳಿಯುತ್ತದೆ. ಹೊರಗಿನ ಸಾಲಿನ ಕಮಾನಿಗೆ ಆಚೆ ಕಡೆಯಿಂದ ತಳ್ಳುವವರು ಯಾರೂ ಇಲ್ಲ. ಅದಕ್ಕೇ ಹೊರಗೋಡೆ ಯಾವಾಗಲೂ ದಪ್ಪ ಬೇಕು. ಇದನ್ನೆಲ್ಲ ಹೆಂಡತಿಗೆ ಕೈ ತೋರಿಸಿ ಹೇಳಿದೆ. ಅವಳು ಒಂದು ಕಮಾನಿನ ಕೆಳಗೆ ನಿಂತು ನೋಡಿ, "ಹಾಗಾದ್ರೆ ಗೋಳಗುಮ್ಮಟದಲ್ಲಿ ಗೋಡೆ ಅಷ್ಟು ದಪ್ಪ ಇದ್ದದ್ದು ಅದಕ್ಕೇನಾ?" ಅಂದಳು. ಅದಕ್ಕೇ. ಬೆಳಗ್ಗೆ ಮೇಲೆ ನಿಂತು ಎಷ್ಟು ಹೇಳಿದರೂ ಬರದ ಪ್ರಶ್ನೆ ಇಲ್ಲಿ ತಾನಾಗಿ ಬಂತು.

ತಂದೆಯ ಕಟ್ಟಡದಲ್ಲಿ ಒಂದೇ ದೊಡ್ಡ ಕೋಣೆ, ಎಲ್ಲಾ ಭಾರ ನಾಲ್ಕು ಗೋಡೆಗೆ. ಮಗ ಆರಿಸಿಕೊಂಡದ್ದು ಬೇರೆ ದಾರಿ. ಕಮಾನಿನ ಸಾಲಿನ ಮೇಲೆ ಸಾಲು ಇಟ್ಟು ಭಾರವನ್ನು ಹಂಚುವ ದಾರಿ. ಮುಗಿದಿದ್ದರೆ ಗೋಳಗುಮ್ಮಟದ ಹಾಗೆ ಇರುತ್ತಿರಲಿಲ್ಲ, ಒಳಗೆ ನಡೆದಾಡಲು ಉದ್ದನೆಯ ಮೊಗಸಾಲೆಗಳಿರುತ್ತಿದ್ದವು.

ಇಂಥ ಜಾಗದ ಬಗ್ಗೆಯೇ ದಿನದ ಒಂದು ಬೇಸರವೂ ಆಯಿತು. ಊರಿನ ಒಂದು ಸ್ಮಾರಕದ ಬಳಿ ಒಬ್ಬರು ತಾವೇ ಗೈಡು ಅಂತ ಜೊತೆಗೆ ಬಂದರು. ಬಾರಾ ಕಮಾನ್‌ನ ನೆರಳು ತನ್ನ ಗುಮ್ಮಟದ ಮೇಲೆ ಬೀಳಬಾರದು ಅಂತ ಅಪ್ಪನೇ ಮಗನನ್ನು ಕೊಲ್ಲಿಸಿ ಕೆಲಸ ನಿಲ್ಲಿಸಿದ ಅಂತ ಕಥೆ ಹೇಳಿದರು. ಕೊನೆಗೆ ದುಡ್ಡಿಗೆ ಜಗಳದ ಧಾಟಿಯಲ್ಲೇ ಮಾತಾಡಿದರು. ಇಸವಿ ನೋಡಿದರೆ ಆ ಕಥೆ ನಿಲ್ಲುವುದಿಲ್ಲ. ಅಪ್ಪ ಸತ್ತದ್ದು 1656ರಲ್ಲಿ, ಆಮೇಲೆಯೇ ಮಗನಿಗೆ ಪಟ್ಟ. ಮಗ ಸತ್ತದ್ದು 1672ರಲ್ಲಿ. ಆ ಹದಿನಾರು ವರ್ಷ ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಘಲರು. ಕಟ್ಟಿಸುವವನು ಹೋದ, ಕೂತವನು ಮಗು, ಯುದ್ಧ ಬಾಗಿಲಲ್ಲಿದೆ. ಕೆಲಸ ನಿಲ್ಲಲು ಇನ್ನೇನು ಬೇಕು? ಮಾಲೀಕರು ತೀರಿಕೊಂಡು ಪಿಲ್ಲರ್ ಮಟ್ಟದಲ್ಲೇ ನಿಂತ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಳ್ಳು ಕಥೆಗಿಂತ ನಿಜವೇ ಇಲ್ಲಿ ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ಗೈಡ್ ಬೇಕು ಅನ್ನುವವರು ಗುರುತಿನ ಚೀಟಿ ತೋರಿಸಿ ಅಂತ ಕೇಳಿ, ದುಡ್ಡು ಮೊದಲೇ ಮಾತಾಡಿಕೊಳ್ಳಿ.

ಊಟಕ್ಕೆ ಚಾಲಕರು ಒಂದು ಖಾನಾವಳಿಗೆ ಕರೆದುಕೊಂಡು ಹೋದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅವರೂ ನಮ್ಮ ಜೊತೆಗೇ ಕೂತು ಉಂಡರು. ಅಂಗಡಿಗೆ ಬರ್ರಿ, ಸೀರೆ ನೋಡ್ರಿ ಅಂತ ಎಲ್ಲೂ ಎಳೆದುಕೊಂಡು ಹೋಗಲಿಲ್ಲ. ಪ್ರತಿ ಕಡೆಯೂ ನೆರಳು ಹುಡುಕಿ ಆಟೊ ನಿಲ್ಲಿಸುತ್ತಿದ್ದರು. ಅತ್ತೆ ಇಳಿಯುವಾಗ "ಸಾವಕಾಶ ಇಳೀರಿ, ಅಕ್ಕಾರ" ಅಂತ ಕೈ ಕೊಡುತ್ತಿದ್ದರು. ಪ್ರವಾಸಿ ಬಸ್ಸಿನಲ್ಲಿ ಇಂಥದ್ದು ಸಿಗುವುದಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಉಪಲಿ ಬುರುಜು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಎಂಬತ್ತು ಅಡಿಯ ಕಾವಲು ಗೋಪುರ. ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಮೇಲೆ ಮೂವತ್ತಡಿಗೂ ಉದ್ದದ ಕಬ್ಬಿಣದ ತೋಪು ಇದೆ. ಒಂದೇ ಎರಕವಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ತೊಡಿಸಿ ಬಿಗಿದದ್ದು. ಮೇಲೆ ನಿಂತಾಗ ಬೆಳಗ್ಗೆಯಿಂದ ಬಂದ ದಾರಿಯೆಲ್ಲ ಕಂಡಿತು. ಪೂರ್ವಕ್ಕೆ ಗೋಳಗುಮ್ಮಟ ಊರಿನ ಎಲ್ಲಾ ಕಟ್ಟಡಗಳ ಮೇಲೆ ತಲೆ ಎತ್ತಿತ್ತು.

ಅಲ್ಲಿಂದ ಹತ್ತಿರದಲ್ಲೇ ಮುಲ್ಕ್ ಮೈದಾನ ತೋಪು. 55 ಟನ್ ತೂಕ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಹೊಯ್ದವನು ಮೊಹಮ್ಮದ್ ಬಿನ್ ಹಸನ್ ರೂಮಿ. ತೋಪಿನ ಬಾಯಿ ಸಿಂಹದ ಬಾಯಿ, ಅದರ ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಬಿಸಿಲಿಗೂ ಇದು ಕಾಯುವುದಿಲ್ಲ ಅಂತ ಚಾಲಕರು ಹೇಳಿದರು. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು 150 ರೂಪಾಯಿಗೆ ಹರಾಜಿನಲ್ಲಿ ಮಾರಿದ್ದರಂತೆ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ನನಗೆ ತೋಪಿನ ಮೇಲೆ ಅಂಥ ಆಸಕ್ತಿ ಇಲ್ಲ. ಆದರೆ ಅಷ್ಟು ಲೋಹವನ್ನು ಒಟ್ಟಿಗೆ ಕರಗಿಸಿ ಒಂದು ಗುಳ್ಳೆಯೂ ಇಲ್ಲದ ಹಾಗೆ ಹೊಯ್ದ ಕೈಗಳಿಗೆ ಕೈ ಮುಗಿಯಬೇಕು.

ತಾಜ್ ಬಾವಡಿ ಅನ್ನುವ ಹಳೆಯ ದೊಡ್ಡ ಬಾವಿ ನೋಡುವಾಗ ಈ ಊರಿನ ನೀರಿನ ವ್ಯವಸ್ಥೆ ನೆನಪಿರಲಿ. ಪಶ್ಚಿಮದ ತೊರವಿ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದಿದ್ದರು. ಪಂಪಿಲ್ಲ, ಬರೀ ಇಳಿಜಾರು. ಊರಿನಲ್ಲಿ ಅಲ್ಲಲ್ಲಿ ಎತ್ತರದ ಕಲ್ಲಿನ ಗೋಪುರಗಳು ಕಾಣುತ್ತವೆ, ಗಂಜ್ ಅನ್ನುತ್ತಾರೆ. ನೀರಿನ ಒತ್ತಡ ಇಳಿಸಲು, ಕೆಸರು ಕೂರಿಸಲು ಕಟ್ಟಿದ್ದು. ನಮ್ಮ ಪ್ಲಂಬರ್‌ಗಳಿಗೆ ಇದನ್ನು ತೋರಿಸಬೇಕು ಅಂತ ಬಹಳ ಆಸೆಯಾಯಿತು. ಒಂದು ದಿನದ ಪ್ರವಾಸದಲ್ಲಿ ಯಾರೂ ಆ ಸುರಂಗಗಳ ಕಡೆ ಕರೆದುಕೊಂಡು ಹೋಗುವುದಿಲ್ಲ. ಹೊತ್ತು ಇದ್ದವರು ಸುರಂಗ ಬಾವಡಿ ಎಲ್ಲಿ ಅಂತ ಕೇಳಿ ಹೋಗಿ.

ಇಬ್ರಾಹಿಂ ರೋಜಾಗೆ ಬಿಸಿಲು ಇಳಿದ ಮೇಲೆ ಬಂದೆವು. ಇದಕ್ಕೆ ಬೇರೆ ಟಿಕೆಟ್, 25 ರೂಪಾಯಿಯೇ. ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ರಾಣಿ ತಾಜ್ ಸುಲ್ತಾನಾಗೆ ಅಂತ ಶುರು ಮಾಡಿಸಿದ್ದು. 1627ರಲ್ಲಿ ಅವನೇ ಮೊದಲು ತೀರಿಕೊಂಡ. ಇವನು ದಖನಿ ಭಾಷೆಯಲ್ಲಿ ಹಾಡು ಕಟ್ಟಿದವನು, ಸರಸ್ವತಿಯನ್ನು ಹೊಗಳಿದವನು. ಜನ ಇವನನ್ನು ಜಗದ್ಗುರು ಬಾದಶಹ ಅಂತ ಕರೆದರು. ಒಂದೇ ಜಗತಿಯ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ. ಇಲ್ಲಿ ಕೆಲಸ ಮಾಡಿಸಿದವನ ಹೆಸರು ಮಲಿಕ್ ಸಂದಲ್ ಅಂತ ಕಲ್ಲಿನ ಮೇಲೆ ಬರೆದಿದೆ. ಕಟ್ಟಿಸಿದ ರಾಜನ ಹೆಸರು ಎಲ್ಲಾ ಕಡೆ ಇರುತ್ತದೆ, ಕಟ್ಟಿದವನ ಹೆಸರು ಕಂಡಾಗ ನನ್ನಂಥವನಿಗೆ ಎದೆ ತುಂಬುತ್ತದೆ.

ತಾಜ್ ಮಹಲಿಗೆ ಇದೇ ಸ್ಫೂರ್ತಿ ಅನ್ನುತ್ತಾರೆ. ತಾಜ್ ಶುರುವಾದದ್ದು 1632ರಲ್ಲಿ. ನನಗೆ ಆ ಹೋಲಿಕೆಯ ಅಗತ್ಯ ಕಾಣಲಿಲ್ಲ. ಕಿಟಕಿಗಳನ್ನು ನೋಡಿ. ಅರಬ್ಬಿ ಅಕ್ಷರಗಳನ್ನೇ ಕಲ್ಲಿನ ಜಾಲರಿ ಮಾಡಿದ್ದಾರೆ. ಅಕ್ಷರ ಉಳಿಸಿ ಸಂದು ಕೊರೆದಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಆಮೇಲೆ ಸಮಾಧಿ ಕೋಣೆಯ ಒಳಗೆ ಮೇಲೆ ನೋಡಿ. ಸುಮಾರು ನಲವತ್ತಡಿ ಚೌಕದ ಕೋಣೆ. ಮೇಲ್ಛಾವಣಿಯ ಅಂಚು ಮಾತ್ರ ಬಾಗಿದೆ, ನಡುವೆ ಪೂರ್ತಿ ಚಪ್ಪಟೆ. ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಸೇರಿಸಿದ್ದಾರೆ. ಕೆಳಗೆ ತೊಲೆ ಇಲ್ಲ, ಕಂಬ ಇಲ್ಲ. ಹಿಡಿದಿರುವುದು ಗಾರೆ! ನಾನು ಕಬ್ಬಿಣ ಕಟ್ಟಿಸದೆ ಹತ್ತಡಿ ಸ್ಲ್ಯಾಬ್ ಹಾಕಿದರೆ ಸೆಂಟ್ರಿಂಗ್ ತೆಗೆದ ದಿನವೇ ಕೆಳಗಿರುತ್ತದೆ. ಗೋಳಗುಮ್ಮಟ ಎಷ್ಟು ದೊಡ್ಡದಾದರೂ ಅದರ ಲೆಕ್ಕ ನನ್ನ ಬುದ್ಧಿಗೆ ಹತ್ತಿತು. ಈ ಚಪ್ಪಟೆ ಛಾವಣಿ ಹತ್ತಲಿಲ್ಲ. ಇಡೀ ದಿನದಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಮೆಟ್ಟಿಲು ಆಗದ ಹಿರಿಯರಿದ್ದರೆ ದಾರಿ ಇದೇ ಇರಲಿ, ಹೊತ್ತು ಮಾತ್ರ ಬೇರೆ ಹಂಚಿ. ಗೋಳಗುಮ್ಮಟದಲ್ಲಿ ಅವರಿಗೆ ಕೆಳಗಿನ ಹಾಲ್ ಸಾಕು. ನಾವು ಮೇಲೆ ತಟ್ಟಿದ ಚಪ್ಪಾಳೆ ಅತ್ತೆಗೆ ಕೆಳಗೆ ಚೆನ್ನಾಗಿ ಕೇಳಿತ್ತು. ಜಾಮಿಯಾ ಮಸೀದಿಯಲ್ಲೂ ಇಬ್ರಾಹಿಂ ರೋಜಾದಲ್ಲೂ ಹೆಚ್ಚು ಹೊತ್ತು ಕೊಡಿ, ಎರಡರಲ್ಲೂ ಕೂತು ನೋಡಲು ಜಾಗವಿದೆ. ಉಪಲಿ ಬುರುಜು ಬಿಡಿ. ಕುಡಿಯುವ ನೀರು ಹೊರಡುವಾಗಲೇ ತುಂಬಿಸಿಕೊಳ್ಳಿ. ಒಂದು ಸ್ಮಾರಕದ ಬಳಿ ಶೌಚಾಲಯಕ್ಕೆ ಬೀಗ ಹಾಕಿತ್ತು, ಅತ್ತೆಗೆ ಬಹಳ ಕಷ್ಟವಾಯಿತು. ಹಾಗಾಗಿ ಊಟದ ಜಾಗದಲ್ಲೇ ಆ ಕೆಲಸ ಮುಗಿಸಿಕೊಳ್ಳಿ. ಬೇಸಿಗೆಯಲ್ಲಿ ಈ ಊರಿನ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಆಟೊದವರ ಜೊತೆ ಕಾಯುವ ದುಡ್ಡು ಸೇರಿಸಿಯೇ ಮಾತಾಡಿ, ನೋಡುವ ಜಾಗಗಳ ಹೆಸರು ಹತ್ತುವ ಮೊದಲೇ ಹೇಳಿ. ಆ ಪಟ್ಟಿಯಲ್ಲಿ ಬಾರಾ ಕಮಾನ್ ಇದೆಯೋ ನೋಡಿಕೊಳ್ಳಿ.